ನಲವತ್ತೆಂಟು, ಹದಿನಾರು

ಎರಡು ಡಬ್ಬಿ ತಂದಾನ ಶೆಟ್ಟರ ಅಣ್ಣನ ಮಗ ಸಿದ್ದರಾಜ,
ಹುಬ್ಬಳ್ಳಿಯಿಂದ, ಬಸ್ಸಿನೊಳಗ ತೊಡಿಮ್ಯಾಲ ಇಟಗೊಂಡು.
"ಶಮಶಾದಕ್ಕಾ, ಯಾವ್ದು ಛಲೋ ಹೇಳು,
ಒಂದು ಇಟಗೋತೀನಿ, ಒಂದು ಹೊಳ್ಳಿ ಕೊಟ್ಟ ಬರ್ತೀನಿ."

ಒಂದು ಪ್ರೊಸೆಸರ್ ಐದೂ ಮುಕ್ಕಾಲು ಗಿಗಾಹರ್ಟ್ಸ್ ಓಡ್ತೈತಿ,
ಓಡಿದ್ರ ತೊಂಬತ್ತೈದು ಡಿಗ್ರಿ, ಹಂಚಿನಂಗ.
ಇನ್ನೊಂದು ಅಷ್ಟು ಓಡಂಗಿಲ್ಲ. ಆದ್ರ ಅದರ ಉಡಿ ದೊಡ್ಡದು,
ಬೇಕಾದ್ದು ಕ್ಯಾಶಿನಾಗ ಕಟಗೊಂಡು ಕುಂತಿರತೈತಿ,
ಘಳಿಗಿಗೊಮ್ಮೆ ಅಟ್ಟ ಹತ್ತಿ ಇಳಿಯೂ ಕೆಲಸಿಲ್ಲ.
ಈ ಊರಾಗ ಇದನ್ನ ಬಿಡಿಸಿ ಹೇಳಬೇಕೇನು?
ಗುಂಟೂರು ನಾಲಗಿ ಸುಡತೈತಿ,
ಬ್ಯಾಡಗಿ ಬಣ್ಣ ಕೊಡತೈತಿ.
ತಣ್ಣಗಿದ್ದದ್ದು ಇಟಗೋ ಅಂದೆ.
ಮಾರಿ ಸಣ್ಣ ಮಾಡಿದ. ಅವಗ ನಂಬರ್ ದೊಡ್ಡದು ಬೇಕಾಗಿತ್ತು.

"ಹಂಗಾದ್ರ ರ‍್ಯಾಮ್ ಆದ್ರೂ ಏರಿಸು."

ನನ್ನ ಅಂಗಡಿ ಮೆಣಸಿನಕಾಯಿ ಯಾರ್ಡಿನ ಎದುರಿಗೇ.
ಯಾವ ಕ್ಯಾಬಿನೆಟ್ ಬಿಚ್ಚಿದ್ರೂ ಮೊದಲು ಒಂದು ಸೀನು,
ಆಮ್ಯಾಲ ಸ್ಕ್ರೂಡ್ರೈವರು.
ಫ್ಯಾನಿನ ರೆಕ್ಕಿಗೆ ಕೆಂಪು ಧೂಳು,
ಹೀಟ್‌ಸಿಂಕಿನ ಸಂದಿನಾಗ ಬೀಜ.
ಬ್ಲೋವರ್ ಹೊಡದ್ರ ಓಣಿಗೆ ಓಣಿನ ಕೆಮ್ಮತೈತಿ,
ಮಗ್ಗಲ ಚಾದಂಗಡಿ ದಾವಲ ಬೈತಾನ, ಚಾ ಕೊಟ್ಟು ಬೈತಾನ.

ಆರುಸಾವಿರದ ನಾಕನೂರು ಇಟ್ಟೆ. ಪರದೆ ಹತ್ತಲಿಲ್ಲ.
ವೋಲ್ಟೇಜ್ ಚೂರು ಏರಿಸಿದೆ. ಹತ್ತಿತು, ನೀಲಿ ಆತು, ಸತ್ತಿತು.
ಆರುಸಾವಿರದ ಎರಡನೂರು.
ಮೂವತ್ತು ಇದ್ದದ್ದು ಮೂವತ್ತೆರಡು,
ಮೂವತ್ತಾರು ಇದ್ದದ್ದು ಮೂವತ್ತೆಂಟು,
ಒಂದೊಂದ ಗಂಟು ಸಡಲ ಬಿಟಗೋಂತ ಬಂದೆ.
ವಿಂಡೋಸ್ ತೆರೀತು. ಗೇಮ್ ಓಡಿತು.
ಸಿದ್ದರಾಜ ಕುರ್ಚಿ ಮ್ಯಾಲ ಕುಂತಲ್ಲೇ ಕುಣದ.
ತಡೀಯಪಾ, ಅಂದೆ. ಓಡೋದು ಬ್ಯಾರೆ, ನಿಲ್ಲೋದು ಬ್ಯಾರೆ.

ರಾತ್ರಿ ಶಟರ್ ಅರ್ಧ ಇಳಿಸಿ ಟೆಸ್ಟ್ ಹಚ್ಚಿದೆ.

ಮೆಮರಿ ಅಂದ್ರ ಏನು ಅಂತ ತಿಳದೀರಿ?
ಅದು ಸೋರೋ ಕೊಡ.
ಸೆಕೆಂಡಿಗೆ ಮೂವತ್ತು ಸಲ ಅದಕ್ಕ ನೆನಪ ಮಾಡಿ ಕೊಡಬೇಕು,
ನಿನಗಿದು ಗೊತ್ತೈತಿ, ನಿನಗಿದು ಗೊತ್ತೈತಿ ಅಂತ.
ಬಿಸಿ ಏರಿದಂಗ ಇನ್ನೂ ಲಗೂನ ಸೋರತೈತಿ.
ಏಪ್ರಿಲ್ ತಿಂಗಳು, ತಗಡಿನ ಮಾಡು,
ನನಗೂ ಹೊತ್ತಿಗೊಮ್ಮೆ ಕೀಲಿ ಎಲ್ಲಿಟ್ಟೆ ಅನ್ನೂದು ಮರೀತಿತ್ತು.

ಒಂದು ತಾಸು: ಸೊನ್ನಿ.
ಮೂರು ತಾಸು: ಸೊನ್ನಿ.
ನಾಕು ತಾಸು ಹನ್ನೆರಡು ನಿಮಿಷಕ್ಕ ಕೆಂಪು ಗೆರಿ.
ಒಂದೇ ಒಂದು.

ಮುಂಜಾನೆ ಬಂದಂವ ನಕ್ಕ.
"ಕೋಟಿ ಕೋಟಿಯೊಳಗ ಒಂದು ತಪ್ಪು, ಅಕ್ಕಾ! ಬಿಡು."

ಬಿಡಬಹುದಾಗಿತ್ತು. ಗೇಮಿನೊಳಗ ಒಂದು ಗಿಡದ ಎಲಿ
ಹಸಿರು ಬಿಟ್ಟು ನೇರಳೆ ಆಗ್ತಿತ್ತು, ಅಷ್ಟ.
ಆದ್ರ ರಾತ್ರಿ ಅವನ ಗೇಮು, ಹಗಲಿ ಅದರಾಗನ
ಶೆಟ್ಟರ ಅಂಗಡಿ ತೂಕದ ಪಟ್ಟಿ.
ರಸೀದಿ ಹಾಳಿ ಹೊಳ್ಳಿಸಿ ಬರದು ತೋರಿಸಿದೆ:
ನಲವತ್ತೆಂಟಕ್ಕ ಎರಡು ಒಂದು, ನಾಕು ಸೊನ್ನಿ.
ಮುಂದಿನ ಒಂದು ಸೋರಿ ಸೊನ್ನಿ ಆತು ಅನ್ನು,
ಹದಿನಾರು.
ಮೋಟೆಬೆನ್ನೂರಿನ ನೀಲವ್ವ ಚೀಲದ ಮ್ಯಾಲ ಕುಂತು
ತೂಕ ಬಾಯಿಲೇ ಹೇಳಾಕಿ, ಕಾಟಾಕ್ಕಿಂತ ಮೊದಲ.
ಆಕಿ ಮುಂದ ನಿಂತು ನೀ ಹೇಳತೀಯೇನು,
ಕೋಟಿಯೊಳಗ ಒಂದು ಅಂತ?

ಸಿದ್ದರಾಜ ಹಾಳಿ ನೋಡಿದ. ಬೆರಳಿಲೆ ಎಣಿಸಿದ.
ಇನ್ನೊಮ್ಮೆ ಎಣಿಸಿದ.
"ಐದುಸಾವಿರದ ಆರನೂರು ಇಡು," ಅಂದ, ಸಿಟ್ಟಿಲೆ.

ಎರಡು ರಾತ್ರಿ ಓಡಿಸಿದೆ. ಒಮ್ಮೆ ಕರೆಂಟ್ ಹೋಗಿ
ಮತ್ತ ಮೊದಲಿಂದ ಹಚ್ಚಿದೆ.
ಸೊನ್ನಿ ನೋಡಕೋಂತ ಕುಂತಿರೂದು ಎಂಥಾ ಕೆಲಸ ಅಂತ
ದಾವಲ ಕೇಳಿದ. ನನಗ ಉತ್ತರ ಹೊಳೀಲಿಲ್ಲ.
ಅವನ ಬಸಿ ತೊಳದು ಕೊಟ್ಟೆ.

ಸೋಮವಾರ ಟೆಂಡರು. ಗೇಟಿನಾಗ ಟ್ರ್ಯಾಕ್ಟರ್ ಸಾಲು.
ಒಳಗಿಂದ ಪ್ರಿಂಟರಿನ ಕರಕರ,
ಅದರ ಮ್ಯಾಲ ನೀಲವ್ವನ ದನಿ, "ನಲವತ್ತೆಂಟು!"
ಮತ್ತ ಯಾರೋ ಓದಿದ್ರು. ಏನು ಓದಿದ್ರೋ,
ಅಷ್ಟರಾಗ ನನಗ ಸೀನು ಬಂತು.