ನಾಲ್ಕೂವರೆ ಇಂಚು

ಅಣ್ಣತಮ್ಮಂದಿರು ಭಾಗವಾದ ವರ್ಷ
ಮರಳೂರು ದಿಣ್ಣೆಯ ಆ ಮನೆಯ ನಡುವೆ
ಒಂದೇ ಸಾಲು ಇಟ್ಟಿಗೆ ಎದ್ದಿತು.
ಮೇಸ್ತ್ರಿಗೆ ಕೊಟ್ಟ ಮುಂಗಡದಲ್ಲಿ
ಒಂಬತ್ತು ಇಂಚಿಗೆ ದುಡ್ಡು ಸಾಲದೆ
ನಾಲ್ಕೂವರೆಗೆ ನಿಂತಿತು ದಾಯಾದಿತನ.
ಆಮೇಲೆ ಇಬ್ಬರೂ ಮಾರಿಕೊಂಡು ಹೋದರು.
ಗೋಡೆ ಉಳಿಯಿತು.

ನಾನು ಪಾಲಿಕೆಯ ಕಿರಿಯ ಎಂಜಿನಿಯರು.
ನನ್ನ ಪುಸ್ತಕದಲ್ಲಿ ಎಲ್ಲಕ್ಕೂ ಅಳತೆಯುಂಟು:
ಮೆಟ್ಟಿಲಿಗೆ, ಕಿಟಕಿಗೆ, ಬಚ್ಚಲ ಪೈಪಿನ ಓಟಕ್ಕೆ,
ಬೀದಿಯಿಂದ ಎಷ್ಟು ಹಿಂದೆ ಸರಿಯಬೇಕು ಎಂಬುದಕ್ಕೆ.
ಎಲ್ಲೋ ಹಿಂದಿನ ಪುಟಗಳಲ್ಲಿ,
ಯಾರೂ ಬೆರಳಿಡದೆ ಇನ್ನೂ ಹೊಸದಾಗಿರುವ ಹಾಳೆಯಲ್ಲಿ,
ಒಂದು ಮನೆಯ ಮಾತು ಇನ್ನೊಂದು ಮನೆ ಸೇರುವ ಮೊದಲು
ಐವತ್ತು ಡೆಸಿಬೆಲ್ ಸವೆದಿರಬೇಕು ಎಂದಿದೆ.
ಹದಿನೇಳು ವರ್ಷದ ನೌಕರಿಯಲ್ಲಿ
ಆ ಪುಟ ತೆರೆಸಿದವನು ಹೊನ್ನಗಿರಿಯಪ್ಪ ಒಬ್ಬನೇ.

ದೂರು ಅರ್ಧ ಹಾಳೆ:
ವಸಂತನರಸಾಪುರದಲ್ಲಿ ರಾತ್ರಿ ಪಾಳಿ,
ಹಗಲು ಮಲಗುವವನು ನಾನು,
ಪಕ್ಕದ ಮನೆಯ ಗಲಾಟೆ ತಪ್ಪಿಸಿಕೊಡಿ.

ಬುಧವಾರ ಹನ್ನೊಂದಕ್ಕೆ ಹೋದೆ.
ಮೀಟರನ್ನು ಅವನ ದಿಂಬಿನ ಮೇಲಿಟ್ಟೆ.
ಒಗ್ಗರಣೆ ಸಿಡಿದದ್ದು ಗೋಡೆಯಿಂದಲೇ ಬಂತು,
ಕುಕ್ಕರಿನ ಎರಡು ಸೀಟಿ,
ಪಾತ್ರೆಗೆ ಬಳೆ ತಾಕಿದ ಸದ್ದು ಕೂಡ.
ಆಮೇಲೆ ಹೆಂಗಸಿನ ದನಿ, ನಿಧಾನ, ಬಿಡಿಸಿ ಬಿಡಿಸಿ:
ಕಾ ಗೆ.
ಕಾ ಗೆ.
ಕಾ ಗೆ.
ಪ್ರತಿ ಸಲವೂ ಮೊದಲನೇ ಸಲ ಎಂಬಂತೆ.

ಆಚೆ ಮನೆಯ ಬಾಗಿಲು ತಟ್ಟಿದೆ. ರೂಪಕಲಾ ತೆರೆದಳು,
ಕೈಯಲ್ಲಿ ಕಾಗೆಯ ಚಿತ್ರ, ಸೊಂಟದಲ್ಲಿ ಮಗು.
ನಾಲ್ಕು ತುಂಬಿದ ಮೋಕ್ಷಿತಾ,
ಕಿವಿಯ ಹಿಂದೆ ಹುಣಸೆ ಬೀಜದಷ್ಟು ಯಂತ್ರ;
ತನ್ನ ಹೆಸರಿನ ‘ಕ್ಷ’ ಅವಳಿಗಿನ್ನೂ ತಲುಪಿಲ್ಲವಂತೆ.
ನೋಟೀಸು ತಂದಿರಾ ಎಂದಳು ತಾಯಿ.
ನಾನು ನೀರು ಕೇಳಿದೆ.
ಅವಳು ತೆಗೆದು ಕೊಟ್ಟ ಆಸ್ಪತ್ರೆಯ ಚೀಟಿಯಲ್ಲಿ
ನನ್ನದೇ ಪುಸ್ತಕದ ಡೆಸಿಬೆಲ್ಲು:
ಬಲಗಿವಿ ತೊಂಬತ್ತು, ಎಡಗಿವಿ ತೊಂಬತ್ತೈದು.
ಲೆಕ್ಕದ ಚಟ. ಮನಸ್ಸಿನಲ್ಲೇ ಕಟ್ಟಿದೆ:
ಒಂಬತ್ತು ಇಂಚಿನವು ಎರಡು, ಎರಡೂ ಬದಿ ಗಾರೆ,
ನಡುವೆ ಗಾಳಿ.
ನಿಯಮ ಕೇಳುವುದಕ್ಕಿಂತ ಹೆಚ್ಚೇ.
ಇಡೀ ತುಮಕೂರಿನಲ್ಲಿ ಪುಸ್ತಕಕ್ಕೆ ಸರಿಯಾಗಿ ಎದ್ದ ಗೋಡೆ
ಇದೊಂದೇ ಏನೋ,
ಪ್ಲಾನು ಯಾರು ಪಾಸು ಮಾಡಿದರೋ.
ತಾಯಿ ಅದನ್ನು
ದಿನಕ್ಕೆ ಇನ್ನೂರು ಕಾಗೆಗಳಿಂದ ಕುಕ್ಕಿಸುತ್ತಿದ್ದಾಳೆ.

ತಿರುಗಿ ಬಂದಾಗ ಹೊನ್ನಗಿರಿಯಪ್ಪ ಚಾಪೆಯ ಮೇಲೆ ಕೂತಿದ್ದ.
ತೋರಿಸಿದೆ: ತಪ್ಪು ಗೋಡೆಯದಷ್ಟೇ ಅಲ್ಲ,
ಎರಡೂ ಮನೆಯ ಸ್ವಿಚ್‌ಬೋರ್ಡು ಬೆನ್ನಿಗೆ ಬೆನ್ನು,
ನಡುವೆ ತೂತು, ಒಂದು ಬೊಗಸೆ ಸಿಮೆಂಟು ಸಾಕು.
ಅವನು ತೂತನ್ನೇ ನೋಡುತ್ತಾ ಅಂದ:
“ಸದ್ದಿಗೆ ನಿದ್ದೆ ಕೆಡಲ್ಲ ಸಾ,
ಫ್ಯಾಕ್ಟ್ರೀಲಿ ಅದರಪ್ಪನಂಥಾದ್ದು ಕೇಳೀನಿ.
ಆಯಮ್ಮ ಕಾಗೆ ಅಂತಾರೆ, ಸುಮ್ಕಾಯ್ತಾರೆ.
ಆ ಸುಮ್ಕಿರೋದೈತಲ್ಲ,
ಆವಾಗ ಕಣ್ ಬಿಟ್ಕಂಡು ಕಾಯ್ತೀನಿ.
ಆ ಕಡೆಯಿಂದ ಏನೂ ಬರಲ್ಲ.”

ವರದಿಯಲ್ಲಿ ಅದಕ್ಕೆ ಕಾಲಂ ಇಲ್ಲ.
ಗೋಡೆ: ನಾಲ್ಕೂವರೆ. ಕೊರತೆ: ಎಂಟು ಡೆಸಿಬೆಲ್.
ಪರಿಹಾರ: ತೂತು ಮುಚ್ಚುವುದು.
ಸಹಿ, ಮೊಹರು.

ಆ ರಾತ್ರಿ ಹೆಂಡತಿ ಊಟಕ್ಕೆ ಕರೆದಳು.
ಎರಡನೇ ಸಲ ಕರೆಯುವ ಮೊದಲೇ ಓ ಅಂದೆ.
ಹುಷಾರಿದ್ದೀರಾ ಎಂದಳು.

ತಿಂಗಳಾದ ಮೇಲೆ ಮತ್ತೆ ನೋಡಲು ಹೋದೆ, ಪದ್ಧತಿಯಂತೆ.
ಸಿಮೆಂಟಿನ ಚೀಲ ಹೊಸ್ತಿಲ ಪಕ್ಕ ಕಲ್ಲಾಗಿತ್ತು.
ತೂತಿಗೆ ಹಳೇ ಪೇಪರು ಉಂಡೆ ಮಾಡಿ ತುರುಕಿದ್ದ,
ಒಂದು ತುದಿ ಹೊರಗೆ ಬಿಟ್ಟು,
ಎಳೆದರೆ ಬರುವ ಹಾಗೆ.