ಬೊಳ್ಳವ್ವನ ನಂಬರು

ಮೊಯ್ದು ಕಾಕ ನನಗೆ ಮೊದಲು ಕಲಿಸಿದ್ದು
ಮಾತ್ರೆಗಳ ಹೆಸರಲ್ಲ, ಪೊಟ್ಟಣ ಕಟ್ಟುವುದು.
ಹಳೇ ಪೇಪರು, ಎರಡು ಮಡಿಕೆ, ಮೇಲೊಂದು ನೂಲು.
"ಏನು ಕೊಂಡರು ಅಂತ ಬಸ್ಸಿಗೆ ಗೊತ್ತಾಗಬಾರದು ಕುಸುಮಾ,
ಗೋಣಿಕೊಪ್ಪದ ಬಸ್ಸಿಗೆ ಕಣ್ಣು ಜಾಸ್ತಿ."

ಕಾಕ ತೀರಿಕೊಂಡರು. ಅಳಿಯ ಬಂದ, ಕಂಪ್ಯೂಟರು ತಂದ.
ಈಗಲೂ ನಾನು ಪೊಟ್ಟಣ ಕಟ್ಟುತ್ತೇನೆ,
ಕಟ್ಟುವ ಮುಂಚೆ ಮಾತ್ರ ಕೇಳಬೇಕು:
ಮೊಬೈಲ್ ನಂಬರ್ ಹೇಳಿ.
ಪೇಪರು ಮುಚ್ಚಿದ್ದನ್ನು ಹತ್ತು ಅಂಕಿ ಬಿಚ್ಚುತ್ತವೆ,
ನೂಲು ಹಾಗೇ ಇರುತ್ತದೆ.

ಪೊನ್ನಂಪೇಟೆಯ ಟೀಚರು ನಿದ್ದೆ ಮಾತ್ರೆ ಒಯ್ದರು;
ಮೂರನೇ ದಿನ ಅವರಿಗೆ ಫೋನು, ಹೆಸರು ಹಿಡಿದು,
ಹಾಸಿಗೆ ಮಾರುವವನದು.
ತಿತಿಮತಿಯ ಜೀಪು ಡ್ರೈವರು
ಸಕ್ಕರೆ ಕಾಯಿಲೆ ಹೆಂಡತಿಗೂ ಹೇಳಿರಲಿಲ್ಲ.
ವಿಮೆಯವರು ಹೇಳಿದರು, ಊಟದ ಹೊತ್ತಿಗೆ, ಸ್ಪೀಕರಿನಲ್ಲಿ.
ಅವನು ಅಂಗಡಿಗೆ ಬಂದು ಬೈಯಲಿಲ್ಲ.
ಸುಮ್ಮನೆ ನಿಂತು
ನನ್ನ ಬಾಯಿ ನೋಡಿದ.

ದಲ್ಲಾಳಿಗಳು ನಮಗೆ ಹೊಸಬರಲ್ಲ.
ಕರಿಮೆಣಸಿನ ದಲ್ಲಾಳಿ ಕಣಕ್ಕೆ ಬರುತ್ತಾನೆ,
ಚಪ್ಪಲಿ ಆಚೆ ಬಿಟ್ಟು, ಒಂದು ಕಾಳು ಹಲ್ಲಲ್ಲಿ ಕಡಿದು
"ಇನ್ನೂ ಒಣಗಬೇಕು" ಅಂತ ಸುಳ್ಳು ಹೇಳುತ್ತಾನೆ.
ಸುಳ್ಳಾದರೂ ಮುಖದ ಮೇಲೆ.
ಅವನಿಗೆ ಬೈಯಬಹುದು, ಕಾಫಿ ಕೊಡಬಹುದು,
ಕೊಡುವುದಿಲ್ಲ ಹೋಗು ಅನ್ನಬಹುದು.
ಈ ದಲ್ಲಾಳಿ ಯಾವ ಕಣಕ್ಕೆ ಬಂದ?
ನನ್ನ ಮಂಡಿನೋವಿಗೆ ಕಿಲೋಗೆ ಎಷ್ಟು ಹಿಡಿದ?
ಯಾರ ಹತ್ತಿರ ಚೌಕಾಸಿ ಮಾಡಿದ?

ಒಂದು ಸಂಜೆ, ಕರೆಂಟು ಹೋಗಿ ಬಂದ ಮೇಲೆ,
ಒಬ್ಬಳು ಹುಡುಗಿ. ಬೇಕಾದ್ದರ ಹೆಸರು ಹೇಳದೆ
ಬೆರಳು ತೋರಿಸಿದಳು.
ನಂಬರು ಕೇಳಿದೆ. ಒಂಬತ್ತು ಅಂಕಿ ಹೇಳಿ ನಿಂತಳು,
ಹತ್ತನೆಯದು ಗಂಟಲಲ್ಲೇ.
ನಾನು ಒಂಬತ್ತನ್ನೂ ಅಳಿಸಿದೆ.
ಹಾರ್ಲಿಕ್ಸ್ ಡಬ್ಬಿಯಲ್ಲಿ ಬಿದ್ದಿರುವ ನನ್ನ ಹಳೇ ಫೋನಿನ ನಂಬರು ಒತ್ತಿದೆ.
ಹೆಸರು?
ಬೆರಳಿಗೆ ಬಂದದ್ದು: ಬೊಳ್ಳವ್ವ.

ಅಂದಿನಿಂದ ಬೊಳ್ಳವ್ವನಿಗೆ ಸುಖವಿಲ್ಲ.
ಸಕ್ಕರೆ ಅವಳಿಗೇ, ಮೂಲವ್ಯಾಧಿ ಅವಳಿಗೇ,
ಕೂದಲುದುರುವುದು, ಬಿಳಿಸೆರಗು, ಫಿಟ್ಸು,
ಕುಡಿತ ಬಿಡಿಸುವ ಗುಳಿಗೆ,
ವರ್ಷಕ್ಕೆ ನಾಲ್ಕು ಸಲ ಬಸುರಿ,
ಆಗಾಗ ಗಂಡಸು.

ಡಬ್ಬಿಯೊಳಗೆ ಫೋನು ಗುಂಯ್‌ಗುಡುತ್ತದೆ.
ಮೈಸೂರಿನ ಆಸ್ಪತ್ರೆ, ಎಲ್ಲಿಯದೋ ಬ್ಯಾಂಕು.
"ಬೊಳ್ಳವ್ವ ಮೇಡಂ, ಅಭಿನಂದನೆಗಳು!
ಮಗುವಿನ ಭವಿಷ್ಯದ ಬಗ್ಗೆ ಯೋಚಿಸಿದ್ದೀರಾ?"
ಯೋಚಿಸಿದ್ದಾಳಮ್ಮ, ಅಂತೇನೆ.
ಸ್ನಾನಕ್ಕೆ ಹೋಗಿದ್ದಾಳೆ.

ಅಳಿಯನಿಗೆ ಗೊತ್ತಾದರೆ ಕೆಲಸ ಹೋಗುತ್ತದೆ.
ಇದರಿಂದ ಊರೇನೂ ಉಳಿಯುವುದಿಲ್ಲ, ಬಲ್ಲೆ.
ಎದುರಿನ ಬಟ್ಟೆ ಅಂಗಡಿಯಲ್ಲಿ, ಚಪ್ಪಲಿ ಅಂಗಡಿಯಲ್ಲಿ ಅದೇ ಪ್ರಶ್ನೆ;
ನಾವು ಚಿಲ್ಲರೆ ಎಣಿಸಿಕೊಳ್ಳುತ್ತಾ
ಉತ್ತರ ಹೇಳಿ ಬರುತ್ತೇವೆ.
ನಾನೂ ಹೇಳಿದ್ದೇನೆ, ಒಂದು ಕೊಡೆಗೆ.

ನಮ್ಮೂರ ದೇವರಕಾಡಿನಲ್ಲಿ ಅಯ್ಯಪ್ಪನ ಮುಂದೆ
ಮಣ್ಣಿನ ನಾಯಿಗಳಿವೆ, ಹರಕೆಯವು,
ಪಾಚಿ ಹಿಡಿದು, ಕಿವಿ ಮುರಿದು, ಒಂದರ ಮೇಲೊಂದು.
ಯಾವ ನಾಯಿ ಯಾರದು, ಯಾವ ನೋವಿಗೆ,
ಪೂಜೆ ಮಾಡುವವರಿಗೂ ಗೊತ್ತಿಲ್ಲ. ಕೇಳುವ ರೂಢಿಯಿಲ್ಲ.
ಮೊನ್ನೆ ನಾನೂ ಒಂದು ಇಟ್ಟು ಬಂದೆ,
ಪೇಪರಿನಲ್ಲಿ ಸುತ್ತಿ ಒಯ್ದು.
ಯಾತಕ್ಕೆ ಅಂತ
ನಿಮಗೂ ಹೇಳುವುದಿಲ್ಲ.