ಪಾಕದ ಜವರಯ್ಯನ ರಿಪೋರ್ಟು

ಬೆಳಿಗ್ಗೆ ಏಳಕ್ಕೆ, ಮಂಡ್ಯದ ಜಿಲ್ಲಾಸ್ಪತ್ರೆ ಎದುರಿನ
ನಮ್ಮ ಲ್ಯಾಬಿನ ಶಟರು ಅರ್ಧ ಎತ್ತಿರುವಾಗಲೇ
ಬಗ್ಗಿ ಒಳಗೆ ಬಂದವನು ಬಲಗೈ ಚಾಚಿದ.
ಮೂರೇ ಬೆರಳು.
"ಎಡಗೈ ಕೊಡಿ" ಅಂದೆ.
"ಯಾವ್ದಾದ್ರೇನವ್ವ, ರಗುತ ಒಂದೇ ಅಲ್ವಾ?"

ಒಂದೇ ಅಲ್ಲ ಅಂತ
ನನಗೂ ಆಗ ಗೊತ್ತಿರಲಿಲ್ಲ.

ಬಸರಾಳಿನ ಕಡೆಯವನು,
ನಲವತ್ತು ವರ್ಷ ಆಲೆಮನೆಯಲ್ಲಿ ಪಾಕ ನೋಡಿದವನು.
ಕುದಿಯುವ ಕೊಪ್ಪರಿಗೆಯಿಂದ ಒಂದು ಹನಿ ನೀರಿಗೆ ಬಿಟ್ಟು
ಮೂರು ಬೆರಳಲ್ಲಿ ಉರುಳಿಸಿ
ಹದ ಬಂತು ಅಂದರೆ ಬಂತು.
ಅವನು ಬೇಡ ಅಂದದ್ದನ್ನು ಮಂಡಿಯ ದಲ್ಲಾಳಿ ಮೂಸುತ್ತಿರಲಿಲ್ಲ.

ಖಾಲಿ ಹೊಟ್ಟೆಯ ಸಕ್ಕರೆ ಇನ್ನೂರ ಹನ್ನೆರಡು.
"ನಂಗಾ? ನಾಲ್ಗೆ ಮ್ಯಾಲೆ ಮಡಿಕಂಡು ಉಗುದ್ಬುಡ್ತೀನಿ ಕಣವ್ವ,
ನುಂಗಿದ್ರೆ ರುಚಿ ಕೆಡ್ತದೆ."
ಊರಿನವರು ನಕ್ಕರಂತೆ: ಬೆಲ್ಲದೊಳಗೆ ಬಾಳಿದವನಿಗೆ
ಸಕ್ಕರೆ ಬಾರದೆ ಉಪ್ಪು ಬರುತ್ತದೆಯೇ.
ಮೂರು ವರ್ಷ ಮಾತ್ರೆ. ಮುದ್ದೆ ಚಿಕ್ಕದಾಯಿತು,
ಕಾಫಿ ಕಹಿಯಾಯಿತು,
ಅಂಕಿ ಮಾತ್ರ ಕದಲಲಿಲ್ಲ.

ಆಮೇಲೊಬ್ಬ ಡಾಕ್ಟರಮ್ಮ, ಹೊಸಬಳು,
ಚೀಟಿಯಲ್ಲಿ ಇನ್ನೊಂದು ಸಾಲು ಬರೆದಳು. ಲಿವರಿನ ಪರೀಕ್ಷೆ.
ಅದರ ಬೆನ್ನಿಗೆ ಹೆಪಟೈಟಿಸ್ ಸಿ.
ಕಿಟ್ಟಿನ ಪುಟ್ಟ ಕಿಟಕಿಯಲ್ಲಿ ಎರಡನೇ ಗೆರೆ
ನಿಧಾನಕ್ಕೆ, ತಡವಾಗಿ ಬಂದ ನೆಂಟನ ಹಾಗೆ,
ನಾಚಿಕೊಂಡು ಮೂಡಿತು.

"ತುಂಬಾ ಹಳೇದು" ಅಂದಳು. "ಯಾವಾಗಲಾದ್ರೂ ರಕ್ತ ಹಾಕಿಸ್ಕೊಂಡಿದ್ರಾ?"

ಎಂಬತ್ತೇಳು. ಗಾಣ ಎರಡು ಬೆರಳು ತಿಂದು
ಕಬ್ಬಿನ ಹಾಲು ಕೆಂಪಾದ ರಾತ್ರಿ.
ಎತ್ತಿನ ಗಾಡಿ, ಆಮೇಲೆ ಲಾರಿ, ಮೈಸೂರಿನ ದೊಡ್ಡಾಸ್ಪತ್ರೆ.
ಎರಡು ಬಾಟಲಿ, ಯಾರದೋ.
ಪಕ್ಕದ ಮಂಚದ ರೋಗಿಯ ಕಡೆಯವನು, ಚೌಕಳಿ ಲುಂಗಿ,
ಕೊಟ್ಟು, ಬಿಸ್ಕತ್ತು ತಿಂದು, ಹೆಸರು ಹೇಳದೆ ಹೋದ.
ಅವನ ರಕ್ತದಲ್ಲಿದ್ದದ್ದಕ್ಕೂ
ಆ ವರ್ಷ ಇನ್ನೂ ಹೆಸರಿರಲಿಲ್ಲ.

ಡಾಕ್ಟರಮ್ಮ ಅರ್ಧ ಗಂಟೆ ಹೇಳಿದ್ದನ್ನು
ನನ್ನ ಸ್ಟೂಲಿನ ಮೇಲೆ ಕೂತು ಅವನು ನನಗೇ ತಿಳಿಸಿದ:
"ಒಳ್ಗೂ ಒಂದು ಆಲೆಮನೆ ಅದಂತೆ.
ಪಾಕದೋನು ಸಾಕು, ಉರಿ ತಗ್ಸಿ ಅಂತ ಕೂಗ್ತಾವ್ನೆ.
ಒಲೆ ಮುಂದೆ ಕುಂತೋನಿಗೆ ಕಿವಿ ಕೇಳಕಿಲ್ಲ,
ಈ ಕಾಯ್ಲೆ ಅವ್ನ ಕಿವೀಲಿ ಕುಂತದೆ.
ರಚ್ಚು ತಳ್ತಾನೇ ಅವ್ನೆ. ಉಕ್ಕದೆ ಏನ್ ಮಾಡ್ತದೆ?"

ಇನ್ಸುಲಿನ್ನಿನ ಪಾಠ ನಾನು ಎರಡು ವರ್ಷ ಓದಿದ್ದೆ, ಪಾಸೂ ಆಗಿದ್ದೆ.
ಆ ಕಿವುಡನ ಮುಖ ಕಂಡದ್ದು ಅವತ್ತೇ.

ಮಗಳು ಸಾಕಮ್ಮ ಬಿಲ್ಲಿನ ಮೇಜಿಗೆ ಆತುಕೊಂಡು
ಚೌಕಳಿ ಲುಂಗಿಯವನ ವಂಶಕ್ಕೇ ಶಾಪ ಹಾಕಿದಳು.
"ಬುಡು ಮಗ, ಅವ್ನಿಗೇನ್ ಗೊತ್ತಿತ್ತು.
ಅವ್ನೂ ಎಲ್ಲೋ ಹಿಂಗೇ ಕೈ ಚಾಚ್ಕಂಡು ಕುಂತವ್ನೋ,
ಇಲ್ಲಾ ಹೊಟ್ಟೆ ನೀರ್ ತುಂಬ್ಕಂಡು ಹೋದ್ನೋ."

ಸರ್ಕಾರದ ಮಾತ್ರೆ, ಪುಕ್ಕಟೆ, ದಿನಕ್ಕೊಂದು, ಎಂಬತ್ತನಾಲ್ಕು ದಿನ.
ಮತ್ತೆ ಅಷ್ಟೇ ದಿನ ಕಾಯುವುದು.
ಆಲೆಮನೆಯವರು ಬಂದು ಕರೆದರು, ಹೋಗಿ ನಿಂತುಕೊಂಡು ಬಂದನಂತೆ,
ಬೆಂಡೆ ಗಿಡದ ಲೋಳೆ ಬಿಟ್ಟು ಮಡ್ಡಿ ಎತ್ತುವವರನ್ನು
ಹೊಸದಾಗಿ ನೋಡುವವನ ಹಾಗೆ ನೋಡಿದನಂತೆ.

ರಿಪೋರ್ಟು ಬಂತು: ವೈರಸ್ ಪತ್ತೆಯಾಗಿಲ್ಲ.
ಸಕ್ಕರೆ ನೂರ ನಲವತ್ತಾರು.
ಹೋಗಿಲ್ಲ. ಎಲ್ಲರಿಗೂ ಇಷ್ಟೂ ಇಳಿಯುವುದಿಲ್ಲ.
ಒಲೆಯವನು ಒಂದೊಂದು ಸಲ ತಿರುಗಿ ನೋಡುತ್ತಾನೆ, ಅಷ್ಟೆ.

ಹಾಳೆ ಹಿಡಿದು ಬಹಳ ಹೊತ್ತು ಸುಮ್ಮನಿದ್ದ.
"ಅಂದ್ರೆ ಅವ್ನದು ಏನೂ ಉಳಿದಿಲ್ವಾ ನನ್ನೊಳ್ಗೆ?"
ರಕ್ತದ ಕಣ ನಾಕು ತಿಂಗಳೂ ಬಾಳುವುದಿಲ್ಲ, ಅಂದೆ.
ಆ ಎರಡು ಬಾಟಲಿ ಮುಂದಿನ ಕಬ್ಬು ಕಡಿಯುವ ಮೊದಲೇ ಮುಗಿದಿತ್ತು.
ಉಳಿದಿದ್ದದ್ದು ಇದೊಂದೇ.

"ಇದೂ ಹೋಯ್ತು" ಅಂದ.

ಸೂಜಿಯ ಗಾಯಕ್ಕೊತ್ತಿದ್ದ ಹತ್ತಿಯನ್ನು
ಮೂರು ಬೆರಳಲ್ಲಿ ಉರುಳಿಸುತ್ತ ಕೂತೇ ಇದ್ದ.
ನಾನು ಏಳಿ ಅನ್ನಲಿಲ್ಲ.
ಟೋಕನ್ ಹದಿನಾಲ್ಕು
ಎರಡು ಸಲ ಕೆಮ್ಮಿತು.